ಪರೀಕ್ಷೆಗಷ್ಟೇ ಪೂರ್ವಜರು

ಅರವತ್ತರ ದಶಕದ ಕೊನೆಯಲ್ಲಿ ದೊಡ್ಡಬಳ್ಳಾಪುರದ ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನಕ್ಕೊಬ್ಬ ಮೇಷ್ಟರಿದ್ದರು. ಮನುಷ್ಯ ಹುಟ್ಟಿದ ಕಥೆಯನ್ನು ಅವರಷ್ಟು ಸೊಗಸಾಗಿ ಹೇಳುವವರಿರಲಿಲ್ಲ. ವಾನರ ಹೇಗೆ ಬಾಗಿ ನಡೆಯುತ್ತಿತ್ತು, ಹೇಗೆ ನೆಟ್ಟಗೆ ನಿಂತಿತು ಎಂಬುದನ್ನು ಪಂಚೆ ಎತ್ತಿಕಟ್ಟಿ ನಡೆದೇ ತೋರಿಸುತ್ತಿದ್ದರು. "ಎಲ್ರಿಗೂ ಮೂಲ ಒಂದೇ" ಎನ್ನುವರು. ಕೂಡಲೇ ಬೆರಳೆತ್ತಿ, "ಇದು ಪರೀಕ್ಷೆಗೆ ಕಣ್ರೋ, ಮನೆಗಲ್ಲ" ಎನ್ನುವರು.

ಒಂದು ದಿನ ಪಾಠದ ನಡುವೆ ಸೀಮೆಸುಣ್ಣದ ಪುಡಿ ಗಂಟಲಿಗೆ ಹೋಗಿ ಮೇಷ್ಟರಿಗೆ ಕೆಮ್ಮು ಹತ್ತಿತು. ಬಾಗಿಲ ಬಳಿ ಕೂರುತ್ತಿದ್ದ ನಾನು ಓಡಿಹೋಗಿ ನಲ್ಲಿಯಿಂದ ಒಂದು ಲೋಟ ನೀರು ತಂದೆ. ನಾನು ಊರಾಚೆಯ ಕೇರಿಯ ಹುಡುಗಿ. ಮೇಷ್ಟರು ಕಣ್ಣೀರು ಸುರಿಸುತ್ತಲೇ ಕೈಯಾಡಿಸಿ, "ಅಲ್ಲೇ ಇಡು, ಅಲ್ಲೇ ಇಡು" ಎಂದರು. ಸ್ಟಾಫ್ ರೂಮಿನಿಂದ ತಮ್ಮ ಚೊಂಬು ಬರುವವರೆಗೂ ಪಾಠದ ವಾನರನಂತೆ ಬಾಗಿ ಕೆಮ್ಮುತ್ತಲೇ ಇದ್ದರು.

ಆ ಸಲದ ಪರೀಕ್ಷೆಯಲ್ಲಿ, ಮನುಷ್ಯರೆಲ್ಲರ ಮೂಲ ಒಂದೇ ಎಂದು ಅವರು ಹೇಳಿಕೊಟ್ಟಂತೆಯೇ ಬರೆದೆ. ಹತ್ತಕ್ಕೆ ಹತ್ತು ಕೊಟ್ಟರು. "ಭೇಷ್ ಕಣಮ್ಮಾ, ಒಂದು ತಪ್ಪೂ ಇಲ್ಲ" ಎಂದು ತರಗತಿಯೆದುರು ಹೊಗಳಿದರು. ಮಿಕ್ಕವರ ಉತ್ತರಪತ್ರಿಕೆಗಳನ್ನೆಲ್ಲ ಕೈಗೆ ಕೊಟ್ಟವರು, ನನ್ನದನ್ನು ಮಾತ್ರ ದೂರದಿಂದಲೇ ಬೆಂಚಿನ ಮೇಲಕ್ಕೆ ಎಸೆದರು.