ಗೌರಕ್ಕನ ಶಿವದಾರ

ಊಟಕ್ಕೆ ಕೂತಿದ್ದ ಮರಿಮಗನ ಕತ್ತು ಪಟಕ್ಕನೆ ಒಂದು ಕಡೆಗೆ ಎಳೆಯಿತು, ಥೇಟ್ ನಮ್ಮ ಗೌರಕ್ಕನ ಹಾಗೆ.

ಮಹಾರಾಜರ ಕಾಲದ ಅಜ್ಜಂಪುರ; ಅಕ್ಕ, ನಾನು ಇನ್ನೂ ಮಕ್ಕಳು. ಅಕ್ಕನ ಕತ್ತು ದಿನವಿಡೀ ಹೀಗೇ ಎಳೆಯುತ್ತಿತ್ತು. ಕೊರಳಲ್ಲಿ ಲಿಂಗ ಕಟ್ಟಿದ ಶಿವದಾರ ಚುಚ್ಚುತ್ತಿರಬೇಕೆಂದು ಅಜ್ಜಿ ನೂಲಿನದನ್ನು ಬಿಚ್ಚಿ ರೇಷ್ಮೆಯದನ್ನು ಹಾಕಿ, ಬೆಣ್ಣೆಯನ್ನೂ ಸವರಿದಳು. ನಿಲ್ಲಲಿಲ್ಲ.

"ಬೇಕಂತ್ಲೇ ಮಾಡ್ತೀಯೇನೇ?" ಎಂದು ಅಪ್ಪ ಗದರಿದಷ್ಟೂ ಹೆಚ್ಚಾಯಿತು.

"ನಾನು ಮಾಡಲ್ಲ ಕಣಪ್ಪಾ, ಅದೇ ಆಗುತ್ತೆ," ಎಂದು ಅಕ್ಕ ಅತ್ತಳು. ಯಾರೂ ನಂಬಲಿಲ್ಲ.

ಕೊನೆಗೆ ಅಜ್ಜಿಯೇ ಅರಿಶಿನದ ಕೊಂಬನ್ನು ಕೆಂಡದಲ್ಲಿ ಕಾಯಿಸಿ, ಅಳುತ್ತಲೇ ಅವಳ ಕತ್ತಿಗೆ ಬರೆ ಹಾಕಿದಳು. ಬರೆ ಮಾಯುವ ಮೊದಲೇ ಕತ್ತು ಮತ್ತೆ ಎಳೆಯಿತು. ಅಜ್ಜಿ ದೇವರಮನೆಯ ಹೊಸ್ತಿಲಲ್ಲಿ ಕುಸಿದು ಕೂತಳು.

ಇವತ್ತು ಸಂಜೆ ಮರಿಮಗನನ್ನು ನೋಡಿದ ಡಾಕ್ಟರು, "ಮಗು ಬೇಕಂತ ಮಾಡ್ತಿಲ್ಲ, ಬೈಬೇಡಿ," ಅಂದರು. ಮನೆಯವರೆಲ್ಲ ತಕ್ಷಣ ನಂಬಿದರು.

ಅಕ್ಕ ಹೇಳಿದ್ದೂ ಅಷ್ಟೇ.