ನಂಗೇನಿಲ್ಲ, ಜನ ಒಪ್ಪಲ್ಲ

ಓಟಿಗೆ ನಿಲ್ಲುವವರ ಮೇಲೆ ನನಗೆ ಮೊದಲು ಸಿಟ್ಟಿತ್ತು. ಈಗ ಸಿಟ್ಟು ಹೋಗಿದೆ, ಅಸಹ್ಯ ಉಳಿದಿದೆ. ಸಿಟ್ಟು ಮಾಡಿಕೊಳ್ಳಬೇಕಾದರೆ ಎದುರಿಗಿರುವವನು ಒಂದಿಷ್ಟಾದರೂ ಗಟ್ಟಿ ಇರಬೇಕು. ಕೈ ಹಾಕಿದರೆ ಒಳಗೆ ಏನೂ ಸಿಗದವನ ಮೇಲೆ ಯಾರು ಸಿಟ್ಟಾಗುತ್ತಾರೆ?

ನಾನು ಬೂದಿಕೋಟೆ ಹೋಬಳಿಯ ಒಂದು ಹಳ್ಳಿಯವನು. ಬಂಗಾರಪೇಟೆಗೆ ಒಂದು ಬಸ್ಸು, ಅಲ್ಲಿಂದ ರಾಬರ್ಟ್‌ಸನ್‌ಪೇಟೆಗೆ ಇನ್ನೊಂದು ಬಸ್ಸು ಹಿಡಿದು ದಿನಾ ಒಂದು ಜೆರಾಕ್ಸ್ ಅಂಗಡಿಗೆ ಕೆಲಸಕ್ಕೆ ಹೋಗುತ್ತೇನೆ. ಅರ್ಜಿ, ಕರಾರು ಪತ್ರ, ಕರಪತ್ರ ಟೈಪ್ ಮಾಡುವುದು ನನ್ನ ಕೆಲಸ. ಎರಡೇ ಬೆರಳು ಓಡುತ್ತವೆ. ಕುರಿ ಕಾಯುವುದು ಬಿಟ್ಟು ಶಾಲೆಗೆ ಸೇರಿದಾಗ ನನಗೆ ಹನ್ನೊಂದು ವರ್ಷ. ಎಸ್ಸೆಸ್ಸೆಲ್ಸಿ ಪಾಸಾಗುವ ಹೊತ್ತಿಗೆ ಮದುವೆಯಾಗಿತ್ತು. ನಲವತ್ತು ದಾಟಿದ ಮೇಲೆ ಮನೆಯಲ್ಲೇ ಓದಿಕೊಂಡು ಬಿ.ಎ. ಪರೀಕ್ಷೆಗೆ ಕಟ್ಟಿದೆ.

ರಾಜ್ಯಶಾಸ್ತ್ರದ ಪುಸ್ತಕದಲ್ಲಿ ಒಂದು ಅಡ್ಡಗೆರೆ ಎಳೆದಿದ್ದರು. ಗೆರೆಯ ಈ ತುದಿಯಲ್ಲಿ ಒಂದು ವಿಚಾರ, ಆ ತುದಿಯಲ್ಲಿ ಅದಕ್ಕೆ ಪೂರ್ತಿ ವಿರುದ್ಧದ ವಿಚಾರ. ಮತದಾರರೆಲ್ಲ ಆ ಗೆರೆಯ ಮೇಲೆ ಅಲ್ಲಲ್ಲಿ ನಿಂತಿರುತ್ತಾರೆ. ಜನ ಹೆಚ್ಚಾಗಿ ಎಲ್ಲಿ ನಿಂತಿದ್ದಾರೋ ಅಲ್ಲಿಗೆ ಅಭ್ಯರ್ಥಿ ಮೆಲ್ಲಗೆ ಸರಿದು ಬರುತ್ತಾನೆ ಅಂತ ಬರೆದಿತ್ತು. ಓದಿ ಸಂತೋಷವಾಯಿತು. ಕಳ್ಳನಾದರೂ ಪರವಾಗಿಲ್ಲ, ನಮ್ಮ ಹತ್ತಿರಕ್ಕಾದರೂ ಬರುತ್ತಾನಲ್ಲ ಅಂದುಕೊಂಡೆ. ನಿಮ್ಮ ಊರಿನಲ್ಲೇ ಇದನ್ನು ವಿಚಾರಿಸಿ ಒಂದು ಕಿರುಪ್ರಬಂಧ ಬರೆದು ಕಳಿಸಿ ಅಂತಲೂ ಹೇಳಿದ್ದರು. ಗ್ರಾಮ ಪಂಚಾಯಿತಿ ಚುನಾವಣೆ ಎದುರಿಗೇ ಇತ್ತು.

ಏನು ವಿಚಾರಿಸಬೇಕು ಅಂತ ಹುಡುಕುವ ಕಷ್ಟ ಇರಲಿಲ್ಲ. ನಮ್ಮ ಊರಲ್ಲಿ ಆಗ ಇದ್ದದ್ದು ಒಂದೇ ಮಾತು, ನೀರು. ನಮ್ಮ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ನನ್ನ ಅಕ್ಕ, ನಮ್ಮ ಪಕ್ಕದ ಮನೆಯಲ್ಲೇ ಒಬ್ಬಳೇ ಇದ್ದಾಳೆ, ಆ ನೀರು ಕುಡಿದು ಕುಡಿದು ಅವಳ ಮಂಡಿ ಕಟ್ಟಿಗೆಯಾಗಿದೆ. ಕೂತರೆ ಗೋಡೆ ಹಿಡಿಯದೆ ಏಳಲಾರಳು. ಇನ್ನು ಈ ನೀರು ಕುಡಿಯಬೇಡಿ ಅಂತ ಬಂಗಾರಪೇಟೆಯ ಡಾಕ್ಟರು ಖಂಡಿತವಾಗಿ ಹೇಳಿಬಿಟ್ಟರು. ಊರಿನ ಹಳೆಯ ಫಿಲ್ಟರ್ ನೀರಿನ ಘಟಕ ಬೋರು ಬತ್ತಿ ಕೆಟ್ಟು ಕೂತಿತ್ತು. ಹಾಗಾಗಿ ಅವಳು ಪಕ್ಕದ ಹಳ್ಳಿಯ ಘಟಕಕ್ಕೆ ಕ್ಯಾನು ಹಿಡಿದು ಹೋಗಿ, ದಾರಿಯ ಎರಡು ಮೋರಿಗಳ ಮೇಲೆ ಕೂತು ಕೂತು ವಾಪಸು ಬರುತ್ತಿದ್ದಳು. ಹೊಸ ಘಟಕ ಎಲ್ಲಿ ಆಗುತ್ತದೆ ಅನ್ನುವುದು ಅವಳಿಗೆ ರಾಜಕೀಯ ಆಗಿರಲಿಲ್ಲ. ಕಾಲಿನ ವಿಷಯ ಆಗಿತ್ತು.

ಇಂಜಿನಿಯರು ಬಂದು ಎಲ್ಲ ಬೋರು ನೋಡಿ, ಘಟಕಕ್ಕೆ ಸಾಲುವಷ್ಟು ನೀರು ಇರುವುದು ಕಾಲೋನಿ ಬೋರಿನಲ್ಲಿ ಮಾತ್ರ, ಆ ನೀರು ಹಾಗೇ ಕುಡಿದರೂ ತೊಂದರೆಯಿಲ್ಲ ಅಂತ ಹೇಳಿ ಹೋದರು. ಕಾಲೋನಿ ಅಂದರೆ ನಮ್ಮ ಕಡೆ ದಲಿತರ ಕೇರಿ. ಊರಿನಿಂದ ಒಂದು ಕೂಗಿನಷ್ಟು ದೂರ.

ನಮ್ಮ ವಾರ್ಡಿಗೆ ನಿಂತವರು ಇಬ್ಬರು. ಒಬ್ಬ ಮಾಜಿ ಅಧ್ಯಕ್ಷ, ಇನ್ನೊಬ್ಬ ಜೆಸಿಬಿ ಇಟ್ಟಿರುವ ಹೊಸಬ. ಇಬ್ಬರ ಕರಪತ್ರವೂ ನಮ್ಮ ಅಂಗಡಿಗೇ ಬಂತು, ನಾನೇ ಟೈಪ್ ಮಾಡಿದೆ. ಇಬ್ಬರೂ ಒಂದೇ ಭರವಸೆ ಕೊಟ್ಟಿದ್ದರು: ಊರೊಳಗೆ, ಹಾಲಿನ ಡೈರಿಯ ಪಕ್ಕದಲ್ಲಿ, ಹೊಸ ಘಟಕ. ಡೈರಿಯ ಪಕ್ಕ ಎಷ್ಟು ಕೊರೆದರೂ ಬರುವುದು ಧೂಳು ಅಂತ ಊರಿನ ಎಮ್ಮೆಗಳಿಗೂ ಗೊತ್ತು.

ಒಂದು ಹಾಳೆಯಲ್ಲಿ ಗೆರೆ ಎಳೆದು ಒಂದರಿಂದ ಹತ್ತರವರೆಗೆ ಗುರುತು ಹಾಕಿದೆ. ಒಂದು ಅಂದರೆ ಘಟಕ ಕಾಲೋನಿಯಲ್ಲೇ ಆಗಲಿ, ನಾನು ಹೋಗಿ ನೀರು ಹಿಡಿಯುತ್ತೇನೆ. ಹತ್ತು ಅಂದರೆ ಸತ್ತರೂ ಹೋಗಲ್ಲ. ನೀವು ಎಲ್ಲಿ, ಊರಿನವರು ಎಲ್ಲಿ ಅಂತ ಕೆಳಗೆ ಎರಡು ಪ್ರಶ್ನೆ. ಮೊದಲ ಹಾಳೆ ನಾನೇ ತುಂಬಿದೆ. ನಾನು ಎರಡು, ಊರು ಎಂಟು ಅಂತ ಹಾಕಿದೆ. ಒಬ್ಬರನ್ನೂ ಕೇಳುವ ಮೊದಲೇ ಹಾಕಿದೆ.

ಮೂರು ಭಾನುವಾರ ಮನೆಮನೆ ತಿರುಗಿದೆ. ಮೂರನೇ ಮನೆಯ ಯಜಮಾನ ಹಸುವಿಗೆ ಬೂಸಾ ಕಲಸುತ್ತಾ, “ನಂದು ಎರಡು ಬರ್ಕ. ನಂಗೇನಿಲ್ಲಪ್ಪ, ನೀರು ನೀರೇ. ಆದ್ರೆ ಊರೋರು ಒಪ್ಪಲ್ಲ. ಒಂಬತ್ತು ಆಕು” ಅಂದ.

“ಊರೋರು ಅಂದ್ರೆ ಯಾರಣ್ಣ?”

“ಎದ್ರು ಮನೆಯೋರ್ನೇ ಕೇಳೋಗು, ಗೊತ್ತಾಯ್ತದೆ.”

ಎದುರು ಮನೆಯ ಹೆಂಗಸು ಸೊಪ್ಪು ಬಿಡಿಸುತ್ತಾ ಕೂತಿದ್ದಳು. “ನಾನ್ ಓಗಿ ಇಡ್ಕೊಂಡ್ ಬತ್ತೀನಪ್ಪ, ನಂಗೇನು? ಒಂದು ಅಂತಾನೇ ಬರ್ಕ. ಆದ್ರೆ ಈ ಎದ್ರು ಮನೆಯೋನು ಇದಾನಲ್ಲ, ಅವ್ನು ಬುಡ್ತಾನಾ?”

ಊರಿನ ಆ ಕೊನೆ ಮುಟ್ಟುವವರೆಗೂ ಇದೇ ಕಥೆ. ಎರಡು, ಮೂರು, ಒಂದು. ಆರು ಅಂದ ಮುದುಕ ಒಬ್ಬ ಇದ್ದ, ಅವನೂ ಆಮೇಲೆ ನಾಲ್ಕಕ್ಕೆ ಇಳಿದ. ಆದರೆ ಊರಿನವರು ಎಲ್ಲಿ ಅಂದರೆ ಎಲ್ಲರ ಬೆರಳೂ ಎಂಟು ಒಂಬತ್ತರ ಮೇಲೆ. ಎಂಟು ಒಂಬತ್ತರಲ್ಲಿ ನಿಂತಿರುವ ಆ ಊರಿನವರನ್ನು ಹುಡುಕಿಕೊಂಡು ನಾನು ಕೊನೆಯ ಮನೆಯವರೆಗೂ ಹೋದೆ. ಸಿಗಲಿಲ್ಲ.

ಕಾಲೋನಿಯಲ್ಲಿ ಬೋರಿನ ನಲ್ಲಿಯ ಪಕ್ಕದ ಮನೆಯವಳನ್ನು ಕೇಳಿದೆ. ಅವಳು ಹಾಳೆಯನ್ನು ನೋಡಲೇ ಇಲ್ಲ. “ನಮ್ಮುನ್ನ ಯಾಕಣ್ಣ ಕೇಳ್ತೀಯ? ನೀರು ಬೇಕಾಗಿರೋದು ನಿಮ್ಗೆ. ಬಂದು ಇಡ್ಕೊಂಡ್ ಓಗ್ಲಿ. ನಮ್ಮನೆ ಬಾಗ್ಲಾಗೆ ನಿಂತು ಮೂಗು ಸಿಂಡ್ರಿಸ್ದೆ ಇದ್ರೆ ಸಾಕು.”

ಕೊನೆಗೆ ಅಕ್ಕನ ಹತ್ತಿರ ಹೋದೆ. “ನನ್ನೇನ್ ಕೇಳ್ತೀಯಲಾ, ನನ್ ಮಂಡಿ ಕೇಳು. ಅದು ಸೊನ್ನೆ ಅಂತದೆ” ಅಂದಳು. ಗೆರೆಯ ಮೇಲೆ ಸೊನ್ನೆ ಇಲ್ಲ ಅಂದೆ. “ಅಂಗಾರೆ ನಿನ್ ಗೆರೆ ಸರೀಗಿಲ್ಲ” ಅಂದಳು. ಆಮೇಲೆ ಹಾಳೆಗಳನ್ನೆಲ್ಲ ಮಗುಚಿ ಮಗುಚಿ ನೋಡಿ, “ಎಲ್ಲಾರೂ ಒಪ್ಪವ್ರಲ್ಲೋ. ಮತ್ತೆ ಇವ್ರುಗೇನು ರೋಗ? ತಗೊಂಡೋಗಿ ತೋರ್ಸು” ಅಂತ ಕಳಿಸಿದಳು.

ಮಾಜಿ ಅಧ್ಯಕ್ಷ ಜಗುಲಿಯ ಮೇಲೆ ಕೂತಿದ್ದ. ಬಾಯಿ ತುಂಬ ನಗುತ್ತಾನೆ. ಜವಾಬು ತಪ್ಪಿಸಿಕೊಳ್ಳಬೇಕಾದಾಗ ಕನ್ನಡ ಬಿಟ್ಟು ತೆಲುಗಿಗೆ ಹೋಗುತ್ತಾನೆ, ಅದು ಅವನ ಅಭ್ಯಾಸ.

“ನಾನಾ? ಒಂದು ಆಕು. ಕಾಲೋನಿಯೋರ ಮದ್ವೇಲಿ ಉಂಡೋನಪ್ಪ ನಾನು. ಆದ್ರೆ ಜನ ಒಂಬತ್ತವ್ರೆ. ಏನ್ ಮಾಡಾದು, ಏಂ ಚೇಸ್ತಾಂ?”

“ಅಣ್ಣ, ಜನ ಎರಡು ಮೂರು ಅಂತ ಅವ್ರೇ ಏಳವ್ರೆ. ಇಲ್ನೋಡಿ.”

ಕನ್ನಡಕ ಹಾಕಿಕೊಳ್ಳದೆ ಹಾಳೆ ತಿರುವಿದ. “ನಿನ್ತಾವ ಅಂಗಂತಾರೆ. ನೀನೇನು ಓಟು ಕೇಳ್ತೀಯಾ? ಜನ ಅಂದ್ರೆ ಏನು ಅಂತ ನಂಗೊತ್ತು, ನಾನು ಮೂರ್ ಸಲ ಗೆದ್ದೋನು.”

“ಡೈರೀಲಿ ಕಾಲೋನಿಯೋರ ಆಲೂ ನಮ್ಮ ಆಲೂ ಒಂದೇ ಕ್ಯಾನಿಗೆ ಬೀಳ್ತದಲ್ಲಣ್ಣ.”

“ಅದು ಬೆಂಗ್ಳೂರೋರು ಕುಡಿಯೋದು ಕಣಪ್ಪ.”

ನಗದೆ ಹೇಳಿದ. ಆ ಮಾತಿನಲ್ಲಿ ನಗುವಂಥದ್ದು ಏನಾದರೂ ಇದೆ ಅಂತ ಅವನಿಗೆ ಅನಿಸಿದ ಹಾಗೆ ಕಾಣಲಿಲ್ಲ.

ಹೊಸಬ ಓದಿದವನು, ಇವನಾದರೂ ಕೇಳುತ್ತಾನೆ ಅಂತ ಅವನ ಶೆಡ್ಡಿಗೆ ಹೋದೆ. ಹಾಳೆಗಳನ್ನು ಪೂರ್ತಿ ನೋಡಿದ. ನಂಬಿದ ಕೂಡ. ಅದೇ ಇನ್ನೂ ಕೆಟ್ಟದ್ದು.

“ನಿಜಾನೇ ಕಣಣ್ಣ, ನಂಗೂ ಡೌಟಿತ್ತು” ಅಂದ. “ಆದ್ರೆ ನಾನ್ ಮೊದ್ಲು ಬಾಯ್ ಬುಟ್ರೆ ಸಾಯಂಕಾಲದೊಳ್ಗೆ ಅವ್ನು ‘ಈ ನನ್ಮಗ ನಿಮ್ಗೆ ಕಾಲೋನಿ ನೀರು ಕುಡುಸ್ತಾನೆ’ ಅಂತ ಮನೆಮನೇಗೂ ಏಳ್ತಾನೆ. ಅವ್ನು ಮೊದ್ಲು ಏಳ್ಲಿ. ಆಮ್ಯಾಕೆ ನಾನೂ ಏಳ್ತೀನಿ.”

“ಅವ್ರು ಏಳಿದ್ರೆ ನೀನು ಮನೆಮನೇಗೆ ಓಗಿ ಅದ್ನೇ ಏಳಲ್ವಾ?”

“ಎಲೆಕ್ಷನ್ ಅಲ್ವಾಣ್ಣ” ಅಂದ.

ಇಬ್ಬರೂ ಒಂದೇ ದಿನ, ಒಂದೇ ಜಾಗದಲ್ಲಿ, ಜೊತೆಯಾಗಿ ಹೇಳಿಬಿಡಿ ಅಂತ ಇವರ ಮಧ್ಯೆ ಒಂದು ವಾರ ಓಡಾಡಿದೆ. ಮಾಜಿ ಅಧ್ಯಕ್ಷ ಒಪ್ಪಿದ. ಹೊಸಬನೂ ಒಪ್ಪಿದ. ಆಮೇಲೆ ಮೈಕು ಮೊದಲು ಯಾರ ಕೈಗೆ ಅಂತ ಶುರುವಾಯಿತು. ಸಾಮಾನ್ಯವಾಗಿ ಮೈಕಿಗೆ ಇವರು ಕಿತ್ತಾಡುವುದು ನಾನು ಮೊದಲು ನಾನು ಮೊದಲು ಅಂತ. ಅವತ್ತು ಮಾತ್ರ ಇಬ್ಬರಿಗೂ ಮರ್ಯಾದೆ ಜಾಸ್ತಿಯಾಗಿ, ಅವರೇ ಮೊದಲು ಮಾತಾಡಲಿ, ದೊಡ್ಡವರು, ಇಲ್ಲ ಇಲ್ಲ ಚಿಕ್ಕವನೇ ಮಾತಾಡಲಿ ಅಂತ ಕೂತರು. ಮಾತು ಅಲ್ಲಿಗೆ ಸತ್ತಿತು.

ಅಂಗಡಿಯ ಓನರಿಗೆ ಇದನ್ನು ಹೇಳಿದೆ. ಅವರು ಮೈಸೂರು ಮೈನ್ಸ್ ಕಡೆಯವರು, ಅವರಪ್ಪ ಈಗ ಮುಚ್ಚಿಹೋಗಿರುವ ಚಿನ್ನದ ಗಣಿಯೊಳಗೆ ಇಳಿದು ಕೆಲಸ ಮಾಡಿದವರು. ಮನೆಮಾತು ತಮಿಳು. ಜೆರಾಕ್ಸ್ ಮಷೀನಿನ ಮುಚ್ಚಳ ಎತ್ತಿ ಇಳಿಸುತ್ತಲೇ ಹೇಳಿದರು:

“ಇದ್ರಲ್ಲೇನು ಸಾರ್ ಆಶ್ಚರ್ಯ? ನಮ್ಮ ಕಡೆ ಪ್ರತಿ ಎಲೆಕ್ಷನ್‌ಗೂ ಗಣಿ ಮತ್ತೆ ತೆಗೀತೀವಿ ಅಂತಾರೆ. ನಾವಿರೋ ಕ್ವಾರ್ಟರ್ಸ್ ಸಾಲಲ್ಲಿ ಒಬ್ರೂ ನಂಬಲ್ಲ. ಯಾಕಪ್ಪಾ ಸುಳ್ಳು ಹೇಳ್ತೀಯಾ ಅಂತ ಕೇಳಿದ್ರೆ, ‘ಎನ್ನ ಪಣ್ರದು ಅಣ್ಣಾ, ಏನ್ ಮಾಡೋದು, ಜನ ನಂಬಿಕೊಂಡಿದಾರೆ’ ಅಂತಾನೆ. ಯಾವ ಜನ ಅಂದ್ರೆ ಹಿಂದಿನ ಸಾಲು ತೋರಿಸ್ತಾನೆ. ಹಿಂದಿನ ಸಾಲಿನೋರ ಹತ್ರ ಹೋಗಿ ನಮ್ಮ ಸಾಲು ತೋರಿಸ್ತಾನೆ. ನೀವು ಕರಪತ್ರದಲ್ಲಿ ಫೋಟೋ ಸ್ವಲ್ಪ ದೊಡ್ಡದು ಮಾಡಿ, ಚಿಕ್ಕದಾಯ್ತು ಅಂತ ನಿಮ್ಮ ಮಾಜಿ ಅಧ್ಯಕ್ಷ ಫೋನ್ ಮಾಡಿದ್ದ.”

ನಾನು ಫೋಟೋ ದೊಡ್ಡದು ಮಾಡಿದೆ. ಇನ್ನೇನು ಮಾಡಬೇಕಿತ್ತು? ಅದೇ ನನಗೆ ಸಂಬಳ.

ಮಾಜಿ ಅಧ್ಯಕ್ಷನೇ ಗೆದ್ದ. ಡೈರಿಯ ಪಕ್ಕ ಘಟಕ ಕಟ್ಟಿದರು. ನೀಲಿ ಬಣ್ಣ, ಸ್ಟೀಲ್ ನಲ್ಲಿ, ಗೋಡೆಯ ಮೇಲೆ ಅವನ ಹೆಸರು. ಬೋರು ಕೊರೆದಾಗ ಧೂಳು ಬಂತು. ಉದ್ಘಾಟನೆಗೆ ಟ್ಯಾಂಕರಿನಲ್ಲಿ ನೀರು ತರಿಸಿ ತುಂಬಿದರು. ವಾರದ ಮೇಲೆ ಬೀಗ ಬಿತ್ತು. ಯಾರೂ ಹೋಗದ ಕಾಲೋನಿ ನಲ್ಲಿಗೆ ತಾನೊಬ್ಬಳೇ ಹೇಗೆ ಹೋಗುವುದು ಅಂತ ಅಕ್ಕ ಮತ್ತೆ ಪಕ್ಕದ ಹಳ್ಳಿಯ ದಾರಿ ಹಿಡಿದಳು. ಬೇಸಿಗೆ ಬಂತು, ಮಂಡಿ ಊದಿತು, ನೀರಿಗೆ ಹೋದ ದಿನ ಅಡುಗೆ ಮಾಡಲು ನಿಲ್ಲಲಾಗುತ್ತಿರಲಿಲ್ಲ.

ಒಂದು ದಿನ ಜ್ವರ ಅಂತ ನಾನು ಕೆಲಸಕ್ಕೆ ಹೋಗದೆ ಮನೆಯಲ್ಲಿದ್ದೆ. ಮಟಮಟ ಮಧ್ಯಾಹ್ನ, ಊರೆಲ್ಲ ಉಂಡು ಮಲಗುವ ಹೊತ್ತು. ಹಿತ್ತಲಿನಲ್ಲಿ ನಿಂತು ನೋಡಿದರೆ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಜನ ಹೋಗುತ್ತಿದ್ದಾರೆ. ಗೊಬ್ಬರದ ಚೀಲದೊಳಗೆ ಕ್ಯಾನು ಇಟ್ಟು ಹೆಗಲ ಮೇಲೆ ಹೊತ್ತಿದ್ದಾರೆ. ಬೂಸಾ ಕಲಸುತ್ತಿದ್ದವನು ಹೋದ. ಅವನು ಮರೆಯಾದ ಮೇಲೆ ಅವನ ಎದುರು ಮನೆಯವಳು ಹೊರಟಳು. ಒಬ್ಬರಿಗೊಬ್ಬರು ಕಾಣದ ಹಾಗೆ ಅಂತರ ಬಿಟ್ಟುಕೊಂಡು ಕಾಲೋನಿ ನಲ್ಲಿಗೆ ಹೋಗಿ, ಹಿಡಿದುಕೊಂಡು ಬರುತ್ತಿದ್ದಾರೆ. ಕೊನೆಗೆ ಮಾಜಿ ಅಧ್ಯಕ್ಷನ ಹೆಂಡತಿ ಬಂದಳು. ಗೆದ್ದವನ ಮನೆಯಲ್ಲವೇ, ಅವಳ ಚೀಲ ಹೊಸದು.

ಅಕ್ಕನಿಗೆ ಕಂಡದ್ದೆಲ್ಲ ಹೇಳಿ, ನೀನೂ ಮಧ್ಯಾಹ್ನ ಹೋಗು, ಯಾರೂ ಏನೂ ಅನ್ನಲ್ಲ ಅಂದೆ.

“ಆ ಬದು ಅತ್ತಿ ಇಳಿಯಕ್ಕೆ ನನ್ ಕಾಲಲ್ಲಿ ಆಯ್ತದೇನ್ಲಾ?” ಅಂದಳು. “ರಸ್ತೇಲಿ ಓಯ್ತೀನಿ. ಬಿಸ್ಲು ಇಳೀಲಿ, ಸಾಯಂಕಾಲ ಓಯ್ತೀನಿ.”

ಸಾಯಂಕಾಲ ಅಂದರೆ ಡೈರಿಗೆ ಹಾಲು ಹಾಕುವ ಹೊತ್ತು, ಊರೆಲ್ಲ ಅಲ್ಲೇ ಸಾಲು ನಿಂತಿರುತ್ತದೆ. ಕಾಲೋನಿಯ ರಸ್ತೆ ಡೈರಿಯ ಮುಂದೆಯೇ. ಬೇಡ ಅನ್ನಬೇಕು ಅಂತ ನನ್ನ ಬಾಯಿಗೆ ಬಂದಿತ್ತು. ಅನ್ನಲಿಲ್ಲ, ಜೊತೆಗೆ ಹೋದೆ. ನಲ್ಲಿಯ ಪಕ್ಕದವಳು ಕ್ಯಾನು ಇಸಿದುಕೊಂಡು ತಾನೇ ತುಂಬಿಸಿದಳು. “ನೀನೊಬ್ಳೇ ಕಣಕ್ಕ ಚೀಲ ಇಲ್ದೆ ಬಂದಿರೋದು. ಮಿಕ್ಕೋರೆಲ್ಲ ಕೋಳಿ ಕಳ್ಳರಂಗೆ ಬತ್ತಾರೆ” ಅಂದಳು.

ವಾಪಸು ಬರುವಾಗ ಡೈರಿಯ ಮುಂದೆ ಮಾಜಿ ಅಧ್ಯಕ್ಷ ಕುರ್ಚಿ ಹಾಕಿಕೊಂಡು ಕೂತಿದ್ದ. ನನ್ನ ಕೈಯಲ್ಲಿದ್ದ ಕ್ಯಾನು ನೋಡಿದ, ಅಕ್ಕನನ್ನು ನೋಡಿದ. ಸಾಲಿನಲ್ಲಿದ್ದವರು ಇತ್ತ ತಿರುಗಿದರು. ಅವನು ದನಿ ತಗ್ಗಿಸಿ, ಉಪಕಾರ ಮಾಡುವವನ ಹಾಗೆ ಹೇಳಿದ: “ಯಾಕಕ್ಕ ಈ ಒತ್ನಾಗೆ? ಮದ್ಯಾನ ಓಗ್ಬಾರ್ದಾ?”

“ಮದ್ಯಾನ ನಿನ್ ಎಂಡ್ತಿ ಬತ್ತಾಳಲ್ಲಪ್ಪ, ನಲ್ಲಿ ಖಾಲಿ ಇರಲ್ಲ” ಅಂದಳು ಅಕ್ಕ.

ಯಾರೂ ನಗಲಿಲ್ಲ. ನಗಲು ಹೋದರೆ ಅವರವರ ಚೀಲ ನೆನಪಾಗುತ್ತಿತ್ತು. ಎಲ್ಲರೂ ತಮ್ಮ ತಮ್ಮ ಹಾಲಿನ ಕ್ಯಾನು ನೋಡಿಕೊಂಡು ನಿಂತರು. ಸಾಲಿನ ಕೊನೆಯಲ್ಲಿದ್ದ ಒಬ್ಬಳು ಮಾತ್ರ ಮೆಲ್ಲಗೆ ಕೇಳಿದಳು, “ನಾಳೆ ಎಷ್ಟೊತ್ತಿಗ್ ಓಯ್ತೀಯಕ್ಕ?”

“ಇದೇ ಒತ್ತಿಗೆ. ಬತ್ತೀಯಾ?”

“ಇಲ್ಲ, ಸುಮ್ನೆ ಕೇಳ್ದೆ.”

ಮರುದಿನ ಅವಳು ಬರಲಿಲ್ಲ. ಆಮೇಲೂ ಬರಲಿಲ್ಲ. ಅಕ್ಕ ದಿನ ಬಿಟ್ಟು ದಿನ ಸಣ್ಣ ಕ್ಯಾನು ಹಿಡಿದು ಆ ರಸ್ತೆಯಲ್ಲೇ ಹೋಗಿ ಬರುತ್ತಾಳೆ. ದೂರ ಕಡಿಮೆಯಾದ ಮೇಲೆ ಮಂಡಿಯ ಊತ ಸ್ವಲ್ಪ ಇಳಿದಿದೆ. ಅವಳು ದೂರದಲ್ಲಿ ಕುಂಟುತ್ತಾ ಬರುವುದು ಕಂಡ ಕೂಡಲೇ ಮೂರು ಸಲ, ಈಗ ನಾಲ್ಕು ಸಲ ಗೆದ್ದವನು ಕುರ್ಚಿಯಿಂದ ಎದ್ದು ಡೈರಿಯ ಒಳಗೆ ಹೋಗುತ್ತಾನೆ. ಅಲ್ಲಿ ಗೋಡೆಗೆ ಮುಖ ಮಾಡಿ, ಅವಳು ದಾಟುವವರೆಗೂ ಕ್ಯಾಲೆಂಡರು ನೋಡುತ್ತಾ ನಿಂತಿರುತ್ತಾನೆ.