ಟ್ರಂಪೆಟ್ಟು ನಿಂತ ಜಾಗ

“ಅಲ್ಲಿ ಯಾರ ಮನ್ಯಾಗ ಸಾವಾಗಿತ್ತು ಬೇಟಾ?”

ಪಕ್ಕದ ಮನೆಯ ಖಾಜಾ ಚಾಚಾ ಹಾಡು ಕೇಳುತ್ತ ಹೀಗೆಂದಾಗ ನನಗೆ ತಲೆಬುಡ ತಿಳಿಯಲಿಲ್ಲ. ಶಹಾಪುರದ ನಮ್ಮ ಪಡಸಾಲೆಯಲ್ಲಿ, ಹೋದ ತಿಂಗಳು ತೀರಿಕೊಂಡ ಅಣ್ಣನ ಮೆಚ್ಚಿನ ಹಳೆಯ ಇಂಗ್ಲಿಷ್ ರಾಕ್ ಆಲ್ಬಮ್ ಹಾಕಿದ್ದೆ. ಜಾಝ್ ಲಯದಲ್ಲಿ ಅಬ್ಬರಿಸುತ್ತಿದ್ದ ಟ್ರಂಪೆಟ್ಟುಗಳು ಹಾಡಿನ ನಡುವೆ ತಟ್ಟನೆ ನಿಂತು, ತುಸು ಹೊತ್ತಿಗೆ ಮತ್ತೆ ಶುರುವಾಗಿದ್ದವು.

ಚಾಚಾ ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದಿದವರು. “ಮೆರವಣಿಗ್ಯಾಗ ಸಾವಿನ ಮನಿ ಬಂದ್ರ ನಾವೂ ಹಿಂಗ ಬಂದ್ ಮಾಡ್ತಿದ್ವಿ. ದಾಟಿದ ಮ್ಯಾಲ ಮತ್ತ ಊದೋದು,” ಎಂದರು.

ಈ ಹಾಡು ನುಡಿಸಿದ್ದು ವಿದೇಶದ ಸ್ಟುಡಿಯೊದಲ್ಲಿ. ಅಲ್ಲಿ ಬೀದಿಯೂ ಇಲ್ಲ, ಮನೆಯೂ ಇಲ್ಲ. ಗೊತ್ತಿದ್ದೂ ಹಾಡನ್ನು ಹಿಂದಕ್ಕೆ ಸರಿಸಿ ಮತ್ತೆ ಕೇಳಿದೆ. ಈಗ ಹಾಡು ಅಲ್ಲಿಗೆ ಬಂದಾಗಲೆಲ್ಲ ಒಂದೇ ದಿಗಿಲು: ಸಾವಾದ ನಮ್ಮ ಮನೆ ಬಂತೆಂದು ಆ ಟ್ರಂಪೆಟ್ಟಿನವರಿಗೆ ಯಾರು ಹೇಳಿದರು?